ತಾಂಬೂಲಕ್ಕೆ ಕೈಹೊಲಿಗೆಯ ಚೀಲ

ಮಾನ್ಯರೇ,

ದಸರೆಗೆ ಗೊಂಬೆ ಕೂರಿಸುವ ಮೈಸೂರಿನ ಮನೆಗಳಲ್ಲಿ ತಾಂಬೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡುವುದು ನೋವಿನ ಸಂಗತಿ. ಹಳೆಯ ಹತ್ತಿ ಸೀರೆಯೊಂದಿದ್ದರೆ ಸಾಕು, ಚೀಲ ಹೊಲಿಯಬಹುದು. 24 ಇಂಚು ಉದ್ದ, 10 ಇಂಚು ಅಗಲದ ತುಂಡನ್ನು, ಒಳಮೈ ಹೊರಗಿರುವಂತೆ, ಉದ್ದ ಅರ್ಧವಾಗುವ ಹಾಗೆ ಮಡಿಸಿ. ಅಂಚಿನಿಂದ ಅರ್ಧ ಇಂಚು ಒಳಗೆ ಎರಡೂ ಪಕ್ಕ ಹೊಲಿಯಿರಿ. ಮೇಲಿನ ಎರಡೂವರೆ ಇಂಚು ಮಾತ್ರ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ: ಕೊನೆಯವರೆಗೂ ಹೊಲಿದರೆ ಲಾಡಿ ಪೋಣಿಸಲು ದಾರಿಯೇ ಇರದು. ಬಿಟ್ಟ ಅಂಚುಗಳನ್ನು ಮಡಿಸಿ ಹೊಲಿದು, ಚೀಲದ ಬಾಯಿಯ ಎರಡೂ ಬದಿಗಳನ್ನು ಬೇರೆ ಬೇರೆಯಾಗಿ ಅರ್ಧ ಇಂಚು, ಮತ್ತೆ ಒಂದು ಇಂಚು ಮಡಿಸಿ ಹೊಲಿಯಿರಿ. ಚೀಲವನ್ನು ಹೊರಮೈ ಹೊರಗೆ ಬರುವಂತೆ ತಿರುವಿ. 26 ಇಂಚಿನ ಎರಡು ಲಾಡಿಗಳನ್ನು ಎದುರುಬದುರು ಪಕ್ಕಗಳಿಂದ, ಪ್ರತಿಯೊಂದೂ ಬಾಯಿಯನ್ನು ಪೂರ್ತಿ ಸುತ್ತಿ ಬರುವಂತೆ ಪೋಣಿಸಿ. ತೆಂಗಿನಕಾಯಿ ಸಲೀಸಾಗಿ ಹಿಡಿಸುತ್ತದೆ. ಹಳೆಯ ರೇಷ್ಮೆ ಬೇಡ, ಮಡಿಕೆಯಲ್ಲೇ ಸೀಳುತ್ತದೆ.

– ಹೊಲಿಗೆ ಕಲಿಸುವವರು, ಮೈಸೂರು