ಭಾನುವಾರ ಗಾಡಿಗೆ ರಬ್ಬರ್ ಟ್ರ್ಯಾಕ್: ಬರುವವರು ಹೇಳಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 7ಕ್ಕೆ ದಾವಣಗೆರೆಯ ನಮ್ಮ ಶೆಡ್‌ನಲ್ಲಿ, ನೀರಲ್ಲೂ ನೆಲದಲ್ಲೂ ಓಡುವ 8 ಚಕ್ರದ ಗಾಡಿಗೆ ಟ್ರ್ಯಾಕ್ (ಒಂದೊಂದು ಬದಿಯ ಚಕ್ರಗಳನ್ನೆಲ್ಲ ಸುತ್ತುವ ರಬ್ಬರ್ ಪಟ್ಟಿ) ಹಾಕುತ್ತೇವೆ. ಸೂಳೆಕೆರೆ ಅಂಚಿನ ಕೆಸರಲ್ಲಿ ಬರೀ ಟೈರ್ ಹೂತುಕೊಳ್ಳುತ್ತದೆ. ಟ್ರ್ಯಾಕ್ ಇದ್ದರೆ ಭಾರ ಹರಡುತ್ತದೆ, ನೀರಲ್ಲೂ ಗಾಡಿಯನ್ನು ಚೆನ್ನಾಗಿ ತಳ್ಳುತ್ತದೆ.

ನಾಲ್ಕು ಜನ ಬೇಕು. ಟ್ರ್ಯಾಕ್ ಭಾರ ಇದೆ, ಒಬ್ಬರೇ ಎತ್ತೋದು ಬೇಡ.

ಮೊದಲು ಟೈರ್ ತೊಳೆದು ಸ್ವಲ್ಪ ಗಾಳಿ ಇಳಿಸಬೇಕು. ಟ್ರ್ಯಾಕನ್ನು ನೆಲಕ್ಕೆ ಹಾಸಿ, ಒಳಗಿನ ಗೈಡ್ (ಟೈರ್ ಜಾರದಂತೆ ಹಿಡಿಯುವ ಉಬ್ಬು) ಮೇಲ್ಮುಖವಾಗಿಟ್ಟು, ಗಾಡಿಯನ್ನು ನಿಧಾನಕ್ಕೆ ಅದರ ಮೇಲೆ ತರಬೇಕು. ಆಮೇಲೆ ಎರಡು ತುದಿಗಳನ್ನು ರ‍್ಯಾಚೆಟ್ ಬೆಲ್ಟಿನಿಂದ ಎಳೆದು ಪಿನ್ ಕೂರಿಸೋದು. ಈ ಹೊತ್ತಲ್ಲಿ ಇಂಜಿನ್ ಆಫ್ ಇರಬೇಕು, ಕೀ ಒಬ್ಬರ ಜೇಬಲ್ಲೇ ಇರಬೇಕು. ಇದರಲ್ಲಿ ರಾಜಿ ಇಲ್ಲ.

ಕೊನೆಗೆ ಗಾಳಿ. ಈ ಟೈರಿಗೆ ಬೇಕಾಗೋದು ಕೆಲವೇ ಪಿಎಸ್‌ಐ (ಗಾಳಿ ಒತ್ತಡದ ಅಳತೆ). ಕಾರಿನ ಗೇಜ್ ಅದನ್ನು ಸರಿಯಾಗಿ ತೋರಿಸೋದಿಲ್ಲ, ಕಡಿಮೆ ಒತ್ತಡದ ಗೇಜ್ ಇದ್ದವರು ತನ್ನಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ, ಕಾಲು ಪಂಪ್ ಸಾಕು. ಒಂದು ಬದಿಯ ಟೈರ್‌ಗಳ ಗಾಳಿ ಹೆಚ್ಚುಕಮ್ಮಿಯಾದರೆ ಆ ಬದಿಯ ಚಕ್ರಗಳನ್ನು ತಿರುಗಿಸುವ ಚೈನ್ ಮೇಲೆ ಎಳೆತ ಜಾಸ್ತಿ.

ಟ್ರ್ಯಾಕ್ ಹಾಕಿದ ಗಾಡಿಯನ್ನು ಡಾಂಬರು ರಸ್ತೆಯಲ್ಲಿ ಸುಮ್ನೆ ಓಡಿಸಬೇಡಿ, ರಬ್ಬರ್ ಸವೆಯುತ್ತದೆ. ಕೆರೆವರೆಗೂ ಟ್ರೈಲರ್‌ನಲ್ಲೇ ಒಯ್ಯೋಣ. ನೀರಿಗಿಳಿಸುವ ಮುಂಚೆ ತಳದ ಡ್ರೈನ್ ಪ್ಲಗ್ ಬಿಗಿ ಇದೆಯಾ ನೋಡಲೇಬೇಕು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಜೊತೆಗೆ ಏನು ತರುತ್ತೀರಿ ಅಂತಾನೂ ಬರೆಯಿರಿ. ಬೆಣ್ಣೆ ದೋಸೆ ಕೆಲಸ ಮುಗಿದ ಮೇಲೆ.