ಮೈಕು ಕೈತಪ್ಪಿದ ಮೇಲೆ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಪತಿ,

ಖಾಸಗಿಯಾಗಿ ಬರೆದರೆ ನೀನು ಓದುವುದಿಲ್ಲ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಓದುತ್ತೀಯ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಊರು ಸೇರಿದ ಮೇಲೂ ನನ್ನ ಬಾಯಿ ನಡೆಯುತ್ತಿದೆಯೋ ಎಂದು ನೀನು ಕೇಳಿದ್ದೆ. ನಡೆಯುತ್ತಿದೆ ಮಾರಾಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆಂದು ಕಾನೂನೇ ಹೇಳುವಾಗ ನನಗೇನು ಕೊರತೆ? ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಅರ್ಧ ಜನ ಅಡಿಕೆ ಕೊಯ್ಲಿಗೆ ಹೋಗುತ್ತಾರೆ, ಉಳಿದರ್ಧ ಚಹಾ ಬರುವವರೆಗೆ ಕೂರುತ್ತಾರೆ. ಸಭೆಗೆ ಮೊದಲು ಒಬ್ಬೊಬ್ಬರೇ ಬಂದು ಚರಂಡಿ, ಬೀದಿದೀಪ, ಕಿತ್ತುಹೋದ ಮೋರಿ ಎಲ್ಲವನ್ನೂ ನನ್ನ ಕಿವಿಯಲ್ಲಿ ಊದಿ, "ನೀವೇ ಕೇಳಿಬಿಡಿ, ನಾವು ಬೆನ್ನಿಗಿದ್ದೇವೆ" ಎನ್ನುತ್ತಾರೆ. ಎದ್ದು ಕೇಳಿ ಹಿಂತಿರುಗಿ ನೋಡಿದರೆ ಬೆನ್ನಿಗಿದ್ದವರೆಲ್ಲ ಮೊಬೈಲಿನಲ್ಲಿ ಮುಳುಗಿರುತ್ತಾರೆ.

ನಾನಂತೂ ಸಾಗರ ತಾಲ್ಲೂಕಿನ ಕಾಗೋಡು ರೈತ ಸತ್ಯಾಗ್ರಹವನ್ನು ಎಳೆದು ತರದೆ ಮಾತು ಮುಗಿಸಿದವನಲ್ಲ. 1951ರಲ್ಲಿ ಗೇಣಿ ಅಳೆಯುವ ಕೊಳಗದ ಮೇಲೆ ತಕರಾರು ತೆಗೆದ ಗೇಣಿದಾರರು, ಅವರ ಮುಂದಾಳು ಗಣಪತಿಯಪ್ಪನವರು, ಇಲ್ಲಿಯವರೆಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ. ನಮ್ಮೂರ ಚರಂಡಿಯ ಹೂಳಿಗೂ ಇವರೇ ಸಾಕ್ಷಿಗಳು.

ಈ ಸಲದ ಸಭೆಯ ಮುಂದೆ ಕುಡಿಯುವ ನೀರಿನ ವಿಷಯವಿತ್ತು. ಜಲಜೀವನ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ'. ಎಲ್ಲ ಮನೆಗಳಿಗೂ ನಲ್ಲಿ ನೀರು ತಲುಪಿದೆ ಎಂದು ಗ್ರಾಮಸಭೆಯೇ ನಿರ್ಣಯ ಮಾಡಿದರೆ ಊರಿಗೆ ಪ್ರಮಾಣಪತ್ರ ಸಿಗುತ್ತದೆ. ನಿರ್ಣಯದ ಹಾಳೆ ಸಿದ್ಧವಾಗಿಯೇ ಬಂದಿತ್ತು. 'ಸರ್ವಾನುಮತದಿಂದ' ಎಂಬುದೂ ಟೈಪಾಗಿತ್ತು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸ್ವಸಹಾಯ ಸಂಘದ ಹೆಂಗಸೊಬ್ಬರು ಎದ್ದರು. ಮೈಕು ಕೇಳಲಿಲ್ಲ.

"ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನೀವೇ ಹೇಳಿದ್ದು. ನಮ್ಮ ಮನೆಯಲ್ಲಿ ಐದು ಜನ. ನಿನ್ನೆ ಬಂದದ್ದು ಎರಡು ಕೊಡ. ಮಿಕ್ಕಿದ್ದು ಬಂದ ದಿನ ಸಹಿ ಹಾಕುತ್ತೇನೆ."

"ನಮ್ಮಲ್ಲಿ ಒಂದೂವರೆ" ಎಂದು ಪಕ್ಕದವರು ಎದ್ದರು. "ನಮ್ಮಲ್ಲಿ ಗಾಳಿ ಮಾತ್ರ" ಎಂದು ಇನ್ನೊಬ್ಬರು. ಮೊಬೈಲುಗಳೆಲ್ಲ ಜೇಬಿಗಿಳಿದವು. ಕಡೆಗೆ ಪಂಚಾಯಿತಿಯ ಅಧಿಕಾರಿ ಪಿಡಿಒ ಪೆನ್ನು ತೆಗೆದು ನಿರ್ಣಯದ ಮೇಲೆ ಅಡ್ಡಗೆರೆ ಎಳೆದು 'ಮುಂದೂಡಲಾಗಿದೆ' ಎಂದು ಬರೆದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಮನೆಗೆ ಬಂದ ಮೇಲೆ. ಆ ಗಳಿಗೆಯಲ್ಲಿ ಆದದ್ದು ಹೊಟ್ಟೆಕಿಚ್ಚು. ನನಗೆ ಬೆನ್ನು ಕೊಡದ ಜನ ಆಕೆಯ ಮಾತಿಗೆ ಎದ್ದರಲ್ಲ! ಈ ಊರಿನವರು ಬಾಯಿ ಬಿಡುವುದಿಲ್ಲ ಎಂದು ನಿನ್ನೆದುರು ಎಷ್ಟು ಗೋಳಾಡಿದ್ದೇನೆ. ಆ ಗೋಳಿನಲ್ಲೊಂದು ಸುಖವಿತ್ತು. ಅವರು ಸುಮ್ಮನಿದ್ದರೆ ತಾನೆ ನಾನು ಧೈರ್ಯವಂತ? ಇನ್ನೂ ಒಂದಿದೆ. ನನ್ನ ಮನೆಯಲ್ಲಿ ಬಾವಿಯಿದೆ, ಪಂಪ್‌ಸೆಟ್ ಇದೆ, ಪಂಚಾಯಿತಿಯಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಆಕೆಯ ಹೆಸರು ಮನೆ ಮಂಜೂರಾತಿಯ ಪಟ್ಟಿಗೆ ಹತ್ತಬೇಕು, ಉದ್ಯೋಗ ಖಾತರಿಯ ಕೂಲಿ ಬರಬೇಕು. ಎರಡೂ ಅದೇ ಮೇಜಿನ ಹಿಂದಿರುವವರ ಕೈಯಲ್ಲಿ. ಕೂಲಿ ತಡವಾದರೆ ಯಾಕೆಂದು ಆಕೆ ಯಾರನ್ನು ಕೇಳಬೇಕು? ಮತ್ತೆ ಅವರನ್ನೇ. ಆಕೆ ಎದ್ದಾಗ ಕೈ ಸಣ್ಣಗೆ ನಡುಗುತ್ತಿತ್ತು, ನಾನು ನೋಡಿದೆ. ನನ್ನ ಕೈ ಯಾವತ್ತೂ ನಡುಗಿಲ್ಲ, ಶ್ರೀಪತಿ. ಅದನ್ನೇ ಹೆಮ್ಮೆ ಎಂದುಕೊಂಡಿದ್ದೆ.

ಇಷ್ಟೆಲ್ಲ ಬಿಡಿಸಿ ಬರೆಯಬೇಕೆಂದು ಕುಳಿತವನಲ್ಲ. ಅತ್ತಿಗೆಗೆ ಓದಿ ಹೇಳಬೇಡ, ಮೊದಲೇ ಅವರಿಗೆ ನನ್ನ ಮೇಲೆ ಅಂಥ ಅಭಿಪ್ರಾಯವಿಲ್ಲ.

ಮತ್ತೆ, ನನಗೆ ಅವಕಾಶವೇ ಸಿಗಲಿಲ್ಲ ಎಂದು ಮರುಗಬೇಡ. ವಂದನಾರ್ಪಣೆಗೆ ನನ್ನನ್ನೇ ಕರೆದರು. ಎರಡೇ ಮಾತು ಎಂದು ಶುರುಮಾಡಿದೆ. ಲೋಹಿಯಾ ಸಾಗರಕ್ಕೆ ಬಂದು ಇಳಿಯುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೈಕಿನ ಸ್ವಿಚ್ಚು ಆರಿಸಿದರು.

ನಿನ್ನ,
ಮೈಕಾಸುರ