ಒಂದೇ ಗುರುತು, ಆರು ಸ್ಥಾನ

2026ರ ಮೇ 7, ಗುರುವಾರ ವೇಲ್ಸ್‌ನ ಶಾಸನಸಭೆ ಸೆನೆಡ್‌ಗೆ ಚುನಾವಣೆ. ಇಲ್ಲಿ ನೆಲೆಸಿರುವ ಕನ್ನಡಿಗರಾದ ನಾವು 2021ರವರೆಗೆ ಕ್ಷೇತ್ರಕ್ಕೊಂದು, ಪ್ರದೇಶಕ್ಕೊಂದು ಎಂದು ಎರಡು ಮತ ಹಾಕುತ್ತಿದ್ದೆವು. ಇನ್ನು ಒಂದೇ. ಸದಸ್ಯರ ಸಂಖ್ಯೆ 60ರಿಂದ 96ಕ್ಕೆ ಏರಿದೆ. 16 ಕ್ಷೇತ್ರ, ತಲಾ ಆರು ಸ್ಥಾನ. ರಾಜಧಾನಿ ಕಾರ್ಡಿಫ್ ನಗರ ಕೇರ್ಡಿಡ್ ಪೆನಾರ್ತ್, ಕೇರ್ಡಿಡ್ ಫಿನ್ನೊನ್ ತಾಫ್ ಎಂಬ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ನಿಮ್ಮ ಮನೆ ಯಾವುದರಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ಊರಿನ ವಿಧಾನಸಭಾ ಚುನಾವಣೆಯಲ್ಲಿ ನಾವು ವ್ಯಕ್ತಿಗೆ ಮತ ಹಾಕಿ ಬೆಳೆದವರು. ಇಲ್ಲಿ ಮತ ಪಕ್ಷದ ಪಟ್ಟಿಗೆ, ಇಲ್ಲವೇ ಪಕ್ಷೇತರ ಅಭ್ಯರ್ಥಿಗೆ. ಪಟ್ಟಿಯಲ್ಲಿ ಹೆಚ್ಚೆಂದರೆ ಎಂಟು ಹೆಸರು. ಯಾರು ಮೊದಲು, ಯಾರು ಕೊನೆಗೆ ಎಂಬುದು ಪಕ್ಷದ ತೀರ್ಮಾನ. ಅದನ್ನು ನಾವು ಬದಲಿಸುವಂತಿಲ್ಲ. ಎರಡು ಪಟ್ಟಿಗೆ ಗುರುತು ಹಾಕಿದರೆ ಮತ ಅಸಿಂಧು. ನೋಟಾ ಇಲ್ಲ.

ಎಣಿಕೆಗೆ ಡೋಂಟ್ (D'Hondt) ಪದ್ಧತಿ, ಅಂದರೆ ಮತಗಳನ್ನು ಭಾಗಿಸುತ್ತಾ ಸ್ಥಾನ ಹಂಚುವ ಕ್ರಮ. ಒಂದು ಲೆಕ್ಕ ಹಾಕಿ ನೋಡೋಣ: ನಾಲ್ಕು ಪಕ್ಷಗಳಿಗೆ 37,000, 30,000, 17,000, 9,000 ಮತ ಬಿದ್ದಿವೆ ಎನ್ನಿ. ಪ್ರತಿ ಸುತ್ತಿನಲ್ಲೂ ದೊಡ್ಡ ಸಂಖ್ಯೆಗೆ ಸ್ಥಾನ. ಒಂದು ಸ್ಥಾನ ಗೆದ್ದ ಪಕ್ಷದ ಮೂಲ ಮತವನ್ನು ಎರಡರಿಂದ, ಎರಡು ಗೆದ್ದರೆ ಮೂರರಿಂದ ಭಾಗಿಸುತ್ತಾರೆ. ಕ್ರಮವಾಗಿ 37,000, 30,000, 18,500, 17,000, 15,000, 12,333 ಗೆಲ್ಲುತ್ತವೆ. ಮೊದಲ ಪಕ್ಷಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ನಾಲ್ಕನೆಯದು ಸುಮಾರು ಶೇ. 10 ಮತ ಪಡೆದೂ ಬರಿಗೈ. ಅಂದರೆ ಪಟ್ಟಿಯಲ್ಲಿ ಐದನೆಯವರ ಭರವಸೆ ಕೇಳಿ ಹೆಚ್ಚು ಫಲವಿಲ್ಲ. ಮೊದಲ ಮೂವರನ್ನು ಹಿಡಿದು ಪ್ರಶ್ನಿಸಿ. ನಡುವೆ ಸ್ಥಾನ ತೆರವಾದರೂ ಉಪಚುನಾವಣೆ ಇರದು, ಅದೇ ಪಟ್ಟಿಯ ಮುಂದಿನವರು ಬರುತ್ತಾರೆ.

ಏನು ಕೇಳಬೇಕು? ವೀಸಾ, ಪೊಲೀಸ್, ವಿದೇಶಾಂಗ ಸೆನೆಡ್ ಕೈಯಲ್ಲಿಲ್ಲ, ಲಂಡನ್ನಿನ ಬ್ರಿಟನ್ ಸರ್ಕಾರದ ಕೈಯಲ್ಲಿವೆ. ವೀಸಾ ನಿಯಮ ಸಡಿಲಿಸುತ್ತೇವೆ ಎಂದು ಸೆನೆಡ್ ಅಭ್ಯರ್ಥಿ ಮಾತು ಕೊಟ್ಟರೆ ಅದನ್ನು ನಂಬಿ ಮತ ಹಾಕಬೇಡಿ. ಆಸ್ಪತ್ರೆ, ಶಾಲೆ, ಬಸ್ಸು, ವಸತಿ, ವೆಲ್ಷ್ ಭಾಷೆ ಸೆನೆಡ್‌ನವೇ. 2023ರಲ್ಲಿ ಬಂದ ಗಂಟೆಗೆ 20 ಮೈಲಿ ವೇಗಮಿತಿಯೂ ಇಲ್ಲಿಯದೇ ನಿರ್ಧಾರ. ವೇಲ್ಸ್ ಸರ್ಕಾರದ ದಿನನಿತ್ಯದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಆರೋಗ್ಯ ಮತ್ತು ಸಾಮಾಜಿಕ ಆರೈಕೆಗೆ ಹೋಗುತ್ತದೆ. ಆದ್ದರಿಂದ ಚಿಕಿತ್ಸೆಗೆ ಕಾಯುವ ಸಾಲು ಕರಗಿಸುತ್ತೇವೆ ಎನ್ನುವವರನ್ನು ಎಷ್ಟು ಹಣ, ಯಾವ ಬಾಬ್ತಿನಿಂದ ಕಡಿತ ಎಂದು ಕೇಳಲೇಬೇಕು. ಆದಾಯ ತೆರಿಗೆಯ ಒಂದು ಪಾಲಿನ ದರ ನಿಗದಿಯೂ ಸೆನೆಡ್‌ನದೇ. ಅದನ್ನು ಮುಟ್ಟುತ್ತೀರಾ ಎಂದೂ ಕೇಳಿ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ, 16 ತುಂಬಿದವರೆಲ್ಲರಿಗೂ ಮತವಿದೆ. ವಿದ್ಯಾರ್ಥಿ ವೀಸಾದವರಿಗೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ, ದಯವಿಟ್ಟು ಅವರಿಗೆ ಹೇಳಿ. ಹೆಸರು ನೋಂದಣಿಗೆ ಏಪ್ರಿಲ್ 20ರ ಮಧ್ಯರಾತ್ರಿ ಕೊನೆ. ಮನೆ ಬದಲಿಸಿದ್ದರೆ ಮತ್ತೆ ನೋಂದಾಯಿಸಬೇಕು. ಸ್ಥಳೀಯ ಆಡಳಿತಕ್ಕೆ ಮನೆಯ ಮೇಲಿನ ಕೌನ್ಸಿಲ್ ತೆರಿಗೆ ಕಟ್ಟುತ್ತಿದ್ದೇವೆ, ಹೆಸರು ತಾನಾಗಿ ಸೇರಿರುತ್ತದೆ ಎಂದುಕೊಂಡವರೇ ಕೊನೆಗಳಿಗೆಯಲ್ಲಿ ಪರದಾಡುವುದು.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಈ ಚುನಾವಣೆಗೆ ಫೋಟೋ ಗುರುತುಪತ್ರ ಬೇಡ. ಅಂಚೆ ಮತದವರು ಜೊತೆಗಿರುವ ಹೇಳಿಕೆಯಲ್ಲಿ ಸಹಿ ಮತ್ತು ಜನ್ಮದಿನಾಂಕ ಬರೆಯಬೇಕು. ಅಲ್ಲಿ ಆ ದಿನದ ತಾರೀಕು ಬರೆದುಬಿಟ್ಟರೆ ಮತ ಎಣಿಕೆಗೇ ಬರುವುದಿಲ್ಲ.